41 ದಿನ ಬಿಟ್ಟಿರಬಲ್ಲವರಿಗೆ 42ನೇ ದಿನ ಯಾಕೆ ಕಷ್ಟ?

ಪ್ರಶ್ನೆ: ನನಗೆ 43 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತೇನೆ. ಈಗೀಗ ಅದರ ಮೇಲೆ ಒಂದು ನೈಂಟಿಯೂ ಆಗುತ್ತಿದೆ. ನಾಲ್ಕು ವರ್ಷದಿಂದ ಅಯ್ಯಪ್ಪ ಮಾಲೆ ಹಾಕುತ್ತಿದ್ದೇನೆ. ಆ 41 ದಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಮೊದಲ ಮೂರ್ನಾಲ್ಕು ದಿನ ನಿದ್ದೆ ಬರುವುದಿಲ್ಲ, ಆರತಿ ತಟ್ಟೆ ಹಿಡಿದರೆ ಕೈ ನಡುಗುತ್ತದೆ. ಆಮೇಲೆ ಸರಿಹೋಗುತ್ತದೆ. ಆದರೆ ಮಾಲೆ ತೆಗೆದ ವಾರದೊಳಗೆ ಮತ್ತೆ ಅದೇ ಕ್ವಾರ್ಟರ್. 41 ದಿನ ಬಿಟ್ಟಿರಬಲ್ಲೆ ಅಂದಮೇಲೆ ನನಗೆ ಚಟ ಇಲ್ಲ ಅಂತ ತಾನೇ? ಪೂರ್ತಿ ಬಿಡುವುದು ಬೇಡ, ವಾರಕ್ಕೊಂದು ದಿನಕ್ಕೆ ಇಳಿಸಬೇಕು. ಹೆಂಡತಿಗೆ ಕುಡಿಯುವುದು ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ಮಗಳು ಪಿಯುಸಿ ಓದುತ್ತಿದ್ದಾಳೆ. ಯಾರಿಗೂ ತಿಳಿಯದ ಹಾಗೆ ನಾನೊಬ್ಬನೇ ಕಡಿಮೆ ಮಾಡಿಕೊಳ್ಳುವ ದಾರಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಸಂತೋಷ ಕೊಟ್ಟದ್ದು ಆ 41 ದಿನಗಳ ಮಾತು. ಚಟ ಇಲ್ಲ ಎನ್ನುವುದಕ್ಕೆ ಅದನ್ನು ಸಾಕ್ಷಿಯಾಗಿ ಹೇಳಿದ್ದೀರಿ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಕುಡಿಯದೆ ಇರಲು ನಿಮಗೆ ಏನೇನು ಬೇಕು ಅನ್ನುವುದೆಲ್ಲ ಆ ದಿನಗಳಲ್ಲೇ ಇದೆ.

ಸ್ವಲ್ಪ ನೆನಪು ಮಾಡಿಕೊಳ್ಳಿ. ಮಾಲೆಯನ್ನು ನೀವೇ ಹಾಕಿಕೊಳ್ಳಲಿಲ್ಲ, ಗುರುಸ್ವಾಮಿ ಹಾಕಿದರು. ಮೈಮೇಲೆ ಕಪ್ಪು ಬಟ್ಟೆ. ಊರೆಲ್ಲ ನಿಮ್ಮನ್ನು 'ಸ್ವಾಮಿ' ಎಂದು ಕರೆಯಿತು. ಬಾರಿನ ಮುಂದೆ ಹಾದರೂ ಯಾರೂ ಒಳಗೆ ಕರೆಯಲಿಲ್ಲ. ಗೆಳೆಯರು ಸಂಜೆ ಫೋನ್ ಮಾಡುವುದನ್ನೇ ನಿಲ್ಲಿಸಿದರು. ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಸ್ನಾನ, ಭಜನೆ, ಪೂಜೆ. ಅಂದರೆ ಬಾಟಲಿ ತೆರೆಯುವ ಹೊತ್ತಿಗೇ ನಿಮಗೆ ಬೇರೆ ಕೆಲಸ ಇತ್ತು, ಸುತ್ತ ಹತ್ತು ಜನ ಇದ್ದರು. ಮನೆಯಲ್ಲೂ ಹೆಂಡತಿ ಬೇರೆ ಪಾತ್ರೆ, ಬೇರೆ ಅಡುಗೆ ಅಂತ ಜೊತೆಗೆ ವ್ರತ ಹಿಡಿದರು. ಇಷ್ಟು ಜನ ಸೇರಿ ನಿಮ್ಮನ್ನು 41 ದಿನ ಹಿಡಿದುಕೊಂಡಿದ್ದರು. ದೇವರ ಭಯ, ಭಕ್ತಿ ಎರಡೂ ಇದ್ದವು, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಆ ಭಕ್ತಿ ಮಾಲೆ ತೆಗೆದ ಮೇಲೂ ನಿಮ್ಮಲ್ಲಿ ಇದ್ದೇ ಇರುತ್ತದೆ. ಇಲ್ಲವಾಗುವುದು ಆ ಜನ ಮತ್ತು ಆ ಸಂಜೆಯ ಕೆಲಸ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಅದೆಲ್ಲ ಒಂದೇ ಏಟಿಗೆ ನಿಂತುಹೋಗುತ್ತದೆ. ಅದೇ ದಿನ ಗೆಳೆಯರ ಫೋನ್ ಬರುತ್ತದೆ.

ಹಾಗಾಗಿ ನಿಮ್ಮ ಬೇಡಿಕೆಯ ಕೊನೆಯ ಭಾಗಕ್ಕೆ, 'ಯಾರಿಗೂ ತಿಳಿಯದ ಹಾಗೆ ನಾನೊಬ್ಬನೇ' ಅನ್ನುವುದಕ್ಕೆ, ನಾನು ಒಪ್ಪಲಾರೆ. ನೀವು ನಾಲ್ಕು ಸಲ ಗೆದ್ದಿದ್ದೀರಿ, ನಾಲ್ಕೂ ಸಲ ಎಲ್ಲರ ಕಣ್ಣೆದುರು. ಬಿದ್ದದ್ದು ಒಬ್ಬರೇ ಇದ್ದಾಗ.

ಇನ್ನು ಯಾರಿಗೆ, ಎಷ್ಟು ಹೇಳಬೇಕು ಎಂಬ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಆ ಕೈ ನಡುಕದ ಬಗ್ಗೆ ಮಾತಾಡಲೇಬೇಕು.

ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ. ನನಗೆ ಅದೇ ಪತ್ರದ ಮುಖ್ಯ ಸಾಲು. ದಿನಾ ಕುಡಿಯುವವರ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಮದ್ಯ ನರಗಳನ್ನು ಮಂಕು ಮಾಡುತ್ತದೆ, ಅದನ್ನು ಸರಿದೂಗಿಸಲು ಮೆದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ದಿಢೀರನೆ ನಿಲ್ಲಿಸಿದರೆ ಮಂಕು ಹೋಗುತ್ತದೆ, ವೇಗ ಮಾತ್ರ ಹಾಗೇ ಉಳಿಯುತ್ತದೆ. ನಡುಕ, ಬೆವರು, ಎದೆಬಡಿತ, ನಿದ್ದೆಗೇಡು ಎಲ್ಲ ಅದರಿಂದಲೇ. ಕೊನೆಯ ಪೆಗ್ ಆದ ಆರೆಂಟು ಗಂಟೆಯಲ್ಲಿ ಇದು ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಬುದ್ಧಿ ಭ್ರಮೆಯಾಗುತ್ತದೆ. ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ. ವ್ರತದ ಸಮಯದಲ್ಲಿ ಹೀಗಾದರೆ ದೇವರ ಮುನಿಸು, ಗಾಳಿ ಸೋಕಿದೆ ಅಂತ ಮನೆಯವರು ಹೆದರುತ್ತಾರೆ, ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಮದ್ಯ ನಿಂತದ್ದರ ಪರಿಣಾಮ. ಜೀವ ಹೋಗುವಷ್ಟು ಅಪಾಯ ಇದೆ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ನಿಮಗೆ ಇದುವರೆಗೆ ನಡುಕದಲ್ಲೇ ಮುಗಿದಿದೆ. ಮುಂದಿನ ಸಲವೂ ಅಷ್ಟೇ ಆಗುತ್ತದೆ ಅಂತ ಹೇಳುವ ಹಾಗಿಲ್ಲ. ಕುಡಿಯುವುದು, ದಿಢೀರನೆ ನಿಲ್ಲಿಸುವುದು, ಮತ್ತೆ ಕುಡಿಯುವುದು, ಮತ್ತೆ ನಿಲ್ಲಿಸುವುದು ನಡೆಯುತ್ತಾ ಹೋದಂತೆ ಈ ತೊಂದರೆ ಜೋರಾಗಬಹುದು. ಅದರ ಮೇಲೆ ಈ ವರ್ಷ ನಿಮ್ಮ ಪ್ರಮಾಣವೂ ಜಾಸ್ತಿಯಾಗಿದೆ. ಆದ್ದರಿಂದ ಹುಮ್ಮಸ್ಸಿನಲ್ಲಿ ನಾಳೆಯೇ ಪೂರ್ತಿ ನಿಲ್ಲಿಸಬೇಡಿ. ಮೊದಲು ಮನೋವೈದ್ಯರನ್ನು ನೋಡಿ. ಜಿಲ್ಲಾ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಆ ವಿಭಾಗ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಹೆಚ್ಚಿನವರಿಗೆ ಒಂದು ವಾರದ ಮಟ್ಟಿಗೆ ದಿನದಿಂದ ದಿನಕ್ಕೆ ಇಳಿಸುತ್ತಾ ಹೋಗುವ ಮಾತ್ರೆ ಕೊಡುತ್ತಾರೆ. ನಡುಕ, ಫಿಟ್ಸ್ ಎರಡನ್ನೂ ಅದು ತಡೆಯುತ್ತದೆ. ಆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಗೊಳ್ಳಬೇಡಿ, ಮದ್ಯದ ಜೊತೆ ಸೇರಿದರೆ ಉಸಿರಿಗೇ ಕುತ್ತು.

ಇನ್ನೊಂದು ಮಾತು. ನಮ್ಮ ಕಡೆ ಸುಸ್ತಾದರೆ 'ಒಂದು ಗ್ಲೂಕೋಸ್ ಹಾಕಿಸಿಬಿಡಿ' ಅನ್ನುವ ರೂಢಿ ಇದೆ. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಯಾವುದೇ ಕಾರಣಕ್ಕೆ ಡ್ರಿಪ್ ಹಾಕಿಸಿಕೊಳ್ಳುವ ಸಂದರ್ಭ ಬಂದರೆ 'ನಾನು ದಿನಾ ಕುಡಿಯುತ್ತೇನೆ' ಎಂದು ಮೊದಲೇ ಹೇಳಿ. ಅಲ್ಲಿ ನಾಚಿಕೆಪಡಬೇಡಿ.

ಈಗ ಲೆಕ್ಕ. ನಮ್ಮ ದೇಶದಲ್ಲಿ 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಯೂನಿಟ್ ಎಂದು ಎಣಿಸುತ್ತೇವೆ. ಬಾಟಲಿ ಮೇಲೆ 42.8% ಅಂತ ಬರೆದಿರುವ ವಿಸ್ಕಿ, ಬ್ರಾಂದಿ, ರಮ್ ಯಾವುದೇ ಆದರೂ 30 ಮಿ.ಲೀ.ಗೆ ಒಂದು ಯೂನಿಟ್. ನೈಂಟಿ ಅಂದರೆ ಮೂರು, 180 ಮಿ.ಲೀ. ಕ್ವಾರ್ಟರ್ ಅಂದರೆ ಆರು. ಎರಡೂ ಸೇರಿದ ರಾತ್ರಿ ನಿಮ್ಮದು ಒಂಬತ್ತು. ಬರೀ ಕ್ವಾರ್ಟರ್ ಹಿಡಿದರೂ ವಾರಕ್ಕೆ 42 ಯೂನಿಟ್. 'ಬರೀ ಬಿಯರ್‌ಗೆ ಇಳಿದಿದ್ದೇನೆ ಡಾಕ್ಟ್ರೇ' ಅಂತ ಸಮಾಧಾನದಿಂದ ಬರುವವರಿಗೂ ಇದೇ ಲೆಕ್ಕ ಹೇಳುತ್ತೇನೆ. 650 ಮಿ.ಲೀ.ನ 8% ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಲ್ಲಿ ನಾಲ್ಕು ಯೂನಿಟ್ ಇದೆ. ಎರಡು ಬಾಟಲಿ ಕುಡಿದರೆ ಕ್ವಾರ್ಟರನ್ನೂ ಮೀರಿತು. ಮದ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಳಿಸಬೇಕೋ, ಬಿಡಬೇಕೋ? ನಡುಕ, ಬೆವರು ಯಾವುದೂ ಇಲ್ಲದ, ಆಗೀಗ ಜಾಸ್ತಿ ಕುಡಿಯುವವರಿಗೆ ಇಳಿಸುವ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ದೇಹ ಒಗ್ಗಿಹೋದ ಮೇಲೆ ವಾರಕ್ಕೊಂದು ದಿನದ ಲೆಕ್ಕ ನಿಲ್ಲುವುದು ಕಡಿಮೆ. ಶನಿವಾರ ಒಂದು ಅಂತ ಶುರುವಾಗುತ್ತದೆ, ಭಾನುವಾರ ನೆಂಟರು ಬರುತ್ತಾರೆ, ಬುಧವಾರ ಯಾರದ್ದೋ ಹುಟ್ಟುಹಬ್ಬ. ಪ್ರತಿ ಸಲವೂ 'ಇವತ್ತು ಬೇಕಾ, ಬೇಡವಾ' ಅಂತ ಮನಸ್ಸಿನಲ್ಲೇ ಜಗಳ. ಮಾಲೆ ಹಾಕಿದಾಗ ಈ ಜಗಳ ಇರಲಿಲ್ಲ, ಅಲ್ವಾ? ನನ್ನ ಸಲಹೆ, ಮೊದಲು ಆರು ತಿಂಗಳು ಪೂರ್ತಿ ಬಿಡಿ. ಮುಂದಿನದನ್ನು ಆಗ ಕೂತು ಮಾತಾಡೋಣ. ಇದಕ್ಕೆ ಮನಸ್ಸು ಒಪ್ಪದಿದ್ದರೂ ವೈದ್ಯರ ಹತ್ತಿರ ಹೋಗಿ. ಇಳಿಸುವುದಕ್ಕೂ ಅವರು ಜೊತೆಗಿರುತ್ತಾರೆ. ಒಂಬತ್ತರಿಂದ ನಾಲ್ಕಕ್ಕೆ ಇಳಿದರೂ ನಿಮ್ಮ ಲಿವರ್‌ಗೆ ಅದು ಲಾಭವೇ. ಪೂರ್ತಿ ಬಿಡುತ್ತೇನೆ ಅಂದರೆ ಮಾತ್ರ ಬಾ ಎನ್ನುವ ವೈದ್ಯರು ಸಿಕ್ಕರೆ ಬೇರೆಯವರನ್ನು ನೋಡಿ.

ಈಗ ಜನರ ವಿಷಯ. ಮೊದಲು ನಿಮ್ಮ ಹೆಂಡತಿ.

ಎಷ್ಟು ಕುಡಿಯುತ್ತೀರಿ ಅಂತ ಅವರಿಗೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ನನ್ನ ಮುಂದೆ ಕೂತ ಹೆಂಗಸರಲ್ಲಿ ಹೆಚ್ಚಿನವರಿಗೆ ಗಂಡ ಅಂದುಕೊಂಡದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಗೇಟು ತೆಗೆಯುವ ಸದ್ದಿನಲ್ಲೇ ಅವರು ಅಳೆದುಬಿಡುತ್ತಾರೆ. ಆದರೂ ನಿಮ್ಮ ಬಾಯಿಂದ ಕೇಳುವುದು ಬೇರೆ. ಬೆಳಿಗ್ಗೆ ಹೇಳಿ, ಕುಡಿದಾಗ ಖಂಡಿತ ಬೇಡ. ಮಗಳು ಕಾಲೇಜಿಗೆ ಹೋದ ಮೇಲೆ, ಕಾಫಿ ಹೊತ್ತಿನಲ್ಲಿ. ಹೆಚ್ಚು ಪೀಠಿಕೆ ಬೇಕಿಲ್ಲ. 'ನಾನು ದಿನಾ ಇಷ್ಟು ಕುಡಿಯುತ್ತಿದ್ದೇನೆ. ನಿಲ್ಲಿಸಿದರೆ ಕೈ ನಡುಗುತ್ತದೆ. ಡಾಕ್ಟರ ಹತ್ತಿರ ಹೋಗಬೇಕು ಅಂತಿದ್ದೇನೆ, ನೀನೂ ಬಾ.' ಇಷ್ಟು ಸಾಕು. ಅವರು ಅಳಬಹುದು, ಹಳೆಯದೆಲ್ಲ ಎತ್ತಿ ಬೈಯಬಹುದು. ಆ ಹೊತ್ತಿನಲ್ಲಿ ವಾದ ಮಾಡಬೇಡಿ. ವರ್ಷಗಳಿಂದ ತುಂಬಿದ್ದು ಹೊರಗೆ ಬರುತ್ತಿದೆ, ಬರಲಿ.

ಆಮೇಲೆ ಏನು ಬೇಕು ಅಂತ ಬಿಡಿಸಿ ಕೇಳಿ. 'ನನಗೆ ಸಪೋರ್ಟ್ ಮಾಡು' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಂಜೆ ಏಳಕ್ಕೆ ಅಂಗಡಿಗೆ ಬಾ, ಇಬ್ಬರೂ ನಡೆದು ಮನೆಗೆ ಹೋಗೋಣ. ಊಟ ಎಂಟಕ್ಕೇ ರೆಡಿ ಇರಲಿ. ಹೊಟ್ಟೆ ತುಂಬಿದ ಮೇಲೆ ಕುಡಿಯುವ ಆಸೆ ಅರ್ಧ ಇಳಿಯುತ್ತದೆ. ಇಂಥವನ್ನು ಕೇಳಿ. ಹಾಗೇ ಬೇಡದ್ದನ್ನೂ ಹೇಳಿ. ದಿನಾ ಬಾಯಿ ಮೂಸಿ ನೋಡಬೇಡ, ಮಗಳ ಮುಂದೆ ಹಂಗಿಸಬೇಡ.

ಇದನ್ನು ಓದುತ್ತಿರುವ ಹೆಂಡತಿಯರಿಗೆ, ತಾಯಂದಿರಿಗೆ ಒಂದು ಕಳಕಳಿಯ ಮಾತು. ಊಟದಲ್ಲಿ ಗುಟ್ಟಾಗಿ ಬೆರೆಸುವ 'ಕುಡಿತ ಬಿಡಿಸುವ ಪುಡಿ' ತರಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಹೀಗೆ ಗೊತ್ತಾಗದಂತೆ ಕೊಡುವವರೂ ಇದ್ದಾರೆ. ಅದು ಒಳ್ಳೆಯ ಔಷಧಿಯೇ. ಆದರೆ ಅದನ್ನು ತಗೊಂಡ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ತಗೊಳ್ಳುವವರಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಕೊಡಬೇಕಾದದ್ದು ಅದು. ಕುಡಿದು ಬಂದಾಗ ಜಗಳಕ್ಕೆ ಇಳಿಯಬೇಡಿ. ಕುಡಿಯದ ದಿನ ಜೊತೆಗೆ ಕೂತು ಮಾತಾಡಿ, ಅವರಿಗೆ ಇಷ್ಟವಾದದ್ದು ಮಾಡಿ. ಕುಡಿದ ದಿನದ ಕಷ್ಟವನ್ನು ಮುಚ್ಚಿಹಾಕಲು ಹೋಗಬೇಡಿ. ಬೆಳಿಗ್ಗೆ ಅಂಗಡಿ ತೆಗೆಯದಿದ್ದರೆ 'ಜ್ವರ' ಅಂತ ನೀವು ಸುಳ್ಳು ಹೇಳಬೇಕಿಲ್ಲ. ಆದರೆ ಅವರು ಕೈ ಎತ್ತಿದರೆ ಇದ್ಯಾವ ಉಪಾಯವೂ ಬೇಡ. ಮೊದಲು ನೀವೂ ಮಕ್ಕಳೂ ಅಲ್ಲಿಂದ ಹೊರಡಿ.

ಎರಡನೆಯವರು, ನಿಮ್ಮ ಕುಡಿಯುವ ಗುಂಪಿನ ಒಬ್ಬ ಗೆಳೆಯ. ಎಲ್ಲರೂ ಬೇಡ, ಒಬ್ಬ. ನಾಲ್ಕು ಜನರ ಟೇಬಲ್ಲಿನಲ್ಲಿ 'ನನಗೂ ಸಾಕಾಗಿದೆ' ಅಂತ ಒಳಗೊಳಗೇ ಅಂದುಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ. ಅವನು ಯಾರು ಅಂತ ನಿಮಗೆ ಗೊತ್ತು. ಅವನಿಗೆ ನಿಜ ಹೇಳಿ. ಬೀಗರೂಟ, ಬಾಡೂಟ ಅಂತ ಹೋಗಲೇಬೇಕಾದಾಗ ಅವನ ಪಕ್ಕ ಕೂರಿ. ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಉಂಡು, ಇಬ್ಬರೂ ಒಟ್ಟಿಗೆ ಎದ್ದು ಬನ್ನಿ. ಮಿಕ್ಕವರು ಬಲವಂತ ಮಾಡಿದರೆ 'ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಆಗಲ್ಲ' ಅನ್ನಿ. ಅದು ನಿಜವೂ ಆಗಿರುತ್ತದೆ. ಉದ್ದ ಕಾರಣ ಕೊಟ್ಟಷ್ಟೂ ಅವರು ಒಂದೊಂದಕ್ಕೂ ಉತ್ತರ ಹುಡುಕುತ್ತಾರೆ. ಆ ಟೇಬಲ್ ಬಿಟ್ಟರೆ ಗೆಳೆತನವೇ ಹೋಯಿತು ಅನ್ನಿಸಬಹುದು. ಆ ನೋವು ಸುಳ್ಳಲ್ಲ. ನನ್ನ ಹತ್ತಿರ ಬಂದ ಎಷ್ಟೋ ಜನ ಬಾಟಲಿಗಿಂತ ಆ ಕುರ್ಚಿಯನ್ನೇ ಜಾಸ್ತಿ ನೆನೆಸಿಕೊಂಡಿದ್ದಾರೆ.

ಮೂರನೆಯವರು, ಈ ದಾರಿಯಲ್ಲಿ ನಡೆದು ಬಂದ ಅಪರಿಚಿತರು. ಇಲ್ಲಿ ಒಂದು ಕಥೆ ಹೇಳಬೇಕು. 1935ರ ಮೇ ತಿಂಗಳು. ಅಮೆರಿಕದ ಬಿಲ್ ವಿಲ್ಸನ್ ಎಂಬ ಶೇರು ವ್ಯವಹಾರದವರು ಕೆಲಸದ ಮೇಲೆ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೋದ ವ್ಯವಹಾರ ಕೆಟ್ಟಿತು. ಗೊತ್ತಿಲ್ಲದ ಊರು, ಹೋಟೆಲಿನ ಹಾಲ್, ಪಕ್ಕದಲ್ಲೇ ಬಾರಿನ ಸದ್ದು. ಅವರು ಬಾರಿಗೆ ಹೋಗಲಿಲ್ಲ, ಫೋನಿನ ಹತ್ತಿರ ಹೋದರು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಕರೆ ಮಾಡುತ್ತಾ ಹೋದರು. ಅವರು ಹುಡುಕುತ್ತಿದ್ದದ್ದು ತನ್ನಂತೆ ಕುಡಿತದಲ್ಲಿ ಸಿಕ್ಕಿಕೊಂಡ ಇನ್ನೊಬ್ಬ ಮನುಷ್ಯನನ್ನು. ಹಾಗೆ ಸಿಕ್ಕವರು ಬಾಬ್ ಸ್ಮಿತ್, ಆ ಊರಿನ ಶಸ್ತ್ರವೈದ್ಯರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ಜೂನ್ 10ರ ನಂತರ ಡಾ. ಬಾಬ್ ಕುಡಿಯಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎ.ಎ. ಅನ್ನುವ ಬಳಗ, ಹುಟ್ಟಿದ್ದು ಆ ದಿನ ಎಂದೇ ಲೆಕ್ಕ.

ಇಂದು ಬೆಂಗಳೂರಿನಲ್ಲೂ ನಮ್ಮ ಬೇರೆ ಊರುಗಳಲ್ಲೂ ಎ.ಎ. ಸಭೆಗಳು ಕನ್ನಡದಲ್ಲೇ ನಡೆಯುತ್ತವೆ. ಫೀಸು ಇಲ್ಲ. ಪೂರ್ತಿ ಹೆಸರು, ವಿಳಾಸ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಬೇಡ. ನಿಮ್ಮ ಊರಿನಲ್ಲಿ ಪರಿಚಿತರು ಸಿಕ್ಕಾರು ಅನ್ನುವ ಭಯವಿದ್ದರೆ ಪಕ್ಕದ ಊರಿನ ಸಭೆಗೆ ಹೋಗಿ. ಆದರೆ ಒಂದು ಯೋಚಿಸಿ, ಅಲ್ಲಿ ಸಿಗುವ ಪರಿಚಿತರೂ ನಿಮ್ಮಂಥದೇ ಕಾರಣಕ್ಕೆ ಬಂದಿರುತ್ತಾರೆ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಬಳಗ ಇದೆ. ಇದು ಬರೀ ನಂಬಿಕೆಯ ಮಾತಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ, 2020ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ 27 ಅಧ್ಯಯನಗಳು, 10,565 ಜನರ ಮಾಹಿತಿ ಒಟ್ಟು ಸೇರಿಸಿ ನೋಡಿದರು. ಸತತವಾಗಿ ಕುಡಿಯದೆ ಇರುವ ವಿಷಯದಲ್ಲಿ, ಎ.ಎ.ಗೆ ಸೇರಿಸಿ ಜೊತೆಗೆ ನಿಲ್ಲುವ ಕ್ರಮಬದ್ಧ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಚೆನ್ನಾಗಿ ಫಲ ಕೊಟ್ಟಿತ್ತು.

ನಿಮ್ಮ ಕಡೆ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನವರನ್ನೇ ಸೇರಿಸಿ ನಡೆಸುವ ಶಿಬಿರಗಳು ಅವು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಗುಂಪು ಇರುತ್ತದೆ. ನನ್ನ ಕಣ್ಣಿಗೆ ಶಿಬಿರಕ್ಕಿಂತ ಆ ಸಮಿತಿಯೇ ದೊಡ್ಡದು, ಯಾಕೆಂದರೆ 42ನೇ ದಿನಕ್ಕೆ ಉತ್ತರ ಇರುವುದು ಅಲ್ಲಿ. ಹೋಗುವುದಾದರೆ ಕೈ ನಡುಗುವ ವಿಷಯ ಮೊದಲೇ ತಿಳಿಸಿ, ವೈದ್ಯರಿಗೆ ತೋರಿಸಿಕೊಂಡೇ ಸೇರಿ. ಆದರೆ ಯಾರನ್ನಾದರೂ ಕೈಕಾಲು ಕಟ್ಟಿ ಹೊತ್ತೊಯ್ಯುವ, ಹೊಡೆದು ಬುದ್ಧಿ ಕಲಿಸುವ ಖಾಸಗಿ ಕೇಂದ್ರಗಳ ಹತ್ತಿರ ಸುಳಿಯಬೇಡಿ. ಅದು ಚಿಕಿತ್ಸೆಯಲ್ಲ, ಕಾನೂನೂ ಅದಕ್ಕೆ ಒಪ್ಪುವುದಿಲ್ಲ.

ಅಂಗಡಿಯ ಮರ್ಯಾದೆ ಬಗ್ಗೆ ನಿಮಗಿರುವ ಭಯ ನನಗೆ ಅರ್ಥವಾಗುತ್ತದೆ. ಸಾಲದ ಮೇಲೆ ಸರಕು ತರುವ ವ್ಯಾಪಾರದಲ್ಲಿ ಹೆಸರೇ ಬಂಡವಾಳ. ಆದರೆ ನಿಮ್ಮ ಕುಡಿತ ಊರಿಗೆ ಗುಟ್ಟಾಗಿಲ್ಲ. ಬಾರಿನ ಹುಡುಗನಿಗೆ ಗೊತ್ತು, ಟೇಬಲ್ಲಿನ ಗೆಳೆಯರಿಗೆ ಗೊತ್ತು, ಬೆಳಿಗ್ಗೆ ಬಿಲ್ ಬರೆಯುವಾಗ ನಿಮ್ಮ ಕೈ ನೋಡಿದ ಗಿರಾಕಿಗೂ ಗೊತ್ತಿರಬಹುದು. ನೀವು ಈಗ ಗುಟ್ಟಾಗಿ ಇಡಲು ಹೊರಟಿರುವುದು ಬಿಡುವುದನ್ನು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅದರಲ್ಲಿ ಸುಮಾರು 5.7 ಕೋಟಿ ಜನರಿಗೆ ಇದಕ್ಕೆ ನೆರವು ಬೇಕಾಗಿದೆ. ನಿಮ್ಮ ಬೀದಿಯಲ್ಲೇ ಇನ್ನೊಬ್ಬರು ಇದೇ ಪತ್ರ ಬರೆಯಲು ಕೂತಿರಬಹುದು.

ಜಾರುವ ದಿನಗಳು ಬರುತ್ತವೆ. ಮೂರು ತಿಂಗಳು ಬಿಟ್ಟು ಒಂದು ರಾತ್ರಿ ಕುಡಿದುಬಿಟ್ಟರೆ 'ಹೋಯ್ತು, ಎಲ್ಲ ಮುಗೀತು' ಅನ್ನಿಸುತ್ತದೆ. ಆ ನಾಚಿಕೆಯೇ ಎರಡನೇ ರಾತ್ರಿ ಕುಡಿಸುತ್ತದೆ. ಹಾಗಾಗಿ ಜಾರಿದರೆ ಅದೇ ರಾತ್ರಿ, ತಪ್ಪಿದರೆ ಮರುದಿನ ಬೆಳಿಗ್ಗೆ, ಈ ಮೂವರಲ್ಲಿ ಒಬ್ಬರಿಗೆ ಹೇಳಿ. ಇನ್ನೂ ಒಳ್ಳೆಯದು ಕುಡಿಯುವ ಮೊದಲೇ ಫೋನ್ ಮಾಡುವುದು. ಆಸೆ ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಯಾರ ಜೊತೆಗಾದರೂ ಸುಮ್ನೆ ಮಾತಾಡಿಕೊಂಡಿದ್ದರೆ ದಾಟಿಬಿಡಬಹುದು. ಆಸೆಯನ್ನೇ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಿಗಳಿವೆ. ನಿಮ್ಮ ಲಿವರ್, ಕಿಡ್ನಿ ಪರೀಕ್ಷೆ ನೋಡಿ ಯಾವುದು ಸರಿ ಅಂತ ವೈದ್ಯರು ಹೇಳುತ್ತಾರೆ.

ಮುಂದಿನ ಮಾಲೆಯವರೆಗೆ ಕಾಯಬೇಡಿ. ಆದರೆ ನಿಮ್ಮ ಗುರುಸ್ವಾಮಿಯನ್ನು ಈಗಲೇ ಭೇಟಿ ಮಾಡಿ, ವಾರಕ್ಕೊಂದು ಸಂಜೆಯಾದರೂ ಭಜನೆ ವರ್ಷವಿಡೀ ನಡೆಸೋಣವೇ ಎಂದು ಕೇಳಿ. ನಿಮ್ಮಂತೆ ಮಾಲೆ ತೆಗೆದ ವಾರದಲ್ಲಿ ಕುಡಿತಕ್ಕೆ ಮರಳಿದ ಇನ್ನಿಬ್ಬರು ಆ ಗುಂಪಿನಲ್ಲಿ ಇರಲಿಕ್ಕೂ ಸಾಕು.

ವೈದ್ಯರ ಹತ್ತಿರ ಹೋಗಲು ಇನ್ನೂ ಹಿಂಜರಿಕೆ ಇದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ, ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸೇವೆ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಳೆ ಅಂಗಡಿ ಬಾಗಿಲು ತೆಗೆಯುವ ಮೊದಲು ಕರೆ ಮಾಡಿ, ಕೈ ನಡುಗುವ ವಿಷಯವನ್ನೇ ಮೊದಲು ಹೇಳಿ.